ದೊಡ್ಡಪ್ಪನ ಅರ್ಜಿ ವಾಪಸ್ ಬಂದ ಮೇಲೆ

ನಮ್ಮ ದೊಡ್ಡಪ್ಪ ಹೊಳಲ್ಕೆರೆ ಕಡೆಯವರು. ಸೇನೆಗೆ ಸೇರುವಾಗ ಗಟ್ಟಿಮುಟ್ಟಾಗಿದ್ದವರು, 2019ರಲ್ಲಿ ಊರಿಗೆ ಬರುವಾಗ ಬಿಪಿ ಅಂಟಿಸಿಕೊಂಡು ಬಂದರು. ನಿವೃತ್ತಿಗೆ ಮುಂಚೆ ಕೂರುವ ವೈದ್ಯಕೀಯ ಮಂಡಳಿ ಶೇ. 30 ವೈಕಲ್ಯ ಅಂತ ಬರೆಯಿತು. ಆದರೂ ಅಂಗವೈಕಲ್ಯ ಪಿಂಚಣಿ ಸಿಗಲಿಲ್ಲ. ಕಾಯಿಲೆ ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಜಾಸ್ತಿಯೂ ಆಗಿಲ್ಲ ಅಂತ ಒಂದು ಸಾಲಿನ ಉತ್ತರ ಬಂತು. ಆ ಕಾಗದ ಹಿಡಿದು ದೊಡ್ಡಪ್ಪ ಜಗಲಿ ಮೇಲೆ ಸುಮ್ನೆ ಕೂತಿದ್ದು ನನಗೆ ಇವತ್ತಿಗೂ ಮರೆತಿಲ್ಲ.

ತುಂಬಾ ಜನ ಅಲ್ಲಿಗೇ ಕೈಬಿಡುತ್ತಾರೆ. ಬಿಡಬೇಡಿ. ಮೊದಲ ಮೇಲ್ಮನವಿಗೆ ಆರು ತಿಂಗಳಿದೆ, ಅದೂ ತಿರಸ್ಕಾರವಾದರೆ ಎರಡನೆಯದು, ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯ್ದೆಯಿಂದ ಬಂದದ್ದು ಅದು, ಕರ್ನಾಟಕದವರಿಗೆ ಕೊಚ್ಚಿ ಪೀಠ.

ಎಲ್ಲಕ್ಕಿಂತ ಮೊದಲು ವೈದ್ಯಕೀಯ ಮಂಡಳಿಯ ವರದಿಯ ಪ್ರತಿ ತರಿಸಿಕೊಳ್ಳಿ, ಕೊಡದಿದ್ದರೆ ಆರ್‌ಟಿಐ ಹಾಕಿ. ಯಾಕೆಂದರೆ 2013ರಲ್ಲಿ ಧರ್ಮವೀರ್ ಸಿಂಗ್ ಅನ್ನುವ ಸೈನಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಸೇರುವಾಗ ಕಾಯಿಲೆ ದಾಖಲಾಗಿಲ್ಲ ಅಂದರೆ ಅದು ಸೇವೆಯಲ್ಲೇ ಬಂತು ಅಂತ ಭಾವಿಸಬೇಕು, ಅಲ್ಲ ಅನ್ನುವವರು ಕಾರಣ ಕೊಡಬೇಕು. ವರದಿಯಲ್ಲಿ ಕಾರಣವೇ ಇಲ್ಲ ಅಂದರೆ ನಿಮ್ಮ ವಾದಕ್ಕೆ ಅದೇ ಬಲ ಅಲ್ವಾ? (2023ರ ಸೆಪ್ಟೆಂಬರ್‌ನಲ್ಲಿ ನಿಯಮ ಬದಲಾಗಿದೆ, ಆಮೇಲೆ ನಿವೃತ್ತರಾದವರು ಹೊಸದನ್ನು ಓದಿಕೊಳ್ಳಿ.)

ದೊಡ್ಡಪ್ಪನ ಎರಡನೇ ಮೇಲ್ಮನವಿ ಹೋದ ವಾರ ಸ್ಪೀಡ್ ಪೋಸ್ಟ್‌ನಲ್ಲಿ ಹೋಗಿದೆ. ರಸೀದಿಯನ್ನು ದೊಡ್ಡಮ್ಮ ದೇವರ ಮನೆಯಲ್ಲಿ ಇಟ್ಟಿದ್ದಾರೆ.