ಕಾರಿಲ್ಲದೆ ವೇಲ್ಸ್‌ನ ಕೋಟೆಪೇಟೆಗಳು: ಹಾರ್ಲೆಖ್‌ವರೆಗಿನ ಟಿಪ್ಪಣಿ

ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡ್ ಉತ್ತರ ವೇಲ್ಸ್ ಗೆದ್ದಮೇಲೆ ಕಟ್ಟಿಸಿದ ನಾಲ್ಕು ಕೋಟೆಗಳು 1986ರಿಂದ ಯುನೆಸ್ಕೊ ಪಟ್ಟಿಯಲ್ಲಿವೆ. ಅವನ್ನೂ ಅವುಗಳ ಪೇಟೆಗಳನ್ನೂ ರೈಲು, ಬಸ್ಸಿನಲ್ಲೇ ಮುಗಿಸಬೇಕು, ಹೋದ ದಾರಿಯಲ್ಲಿ ಹಿಂದಿರುಗಬಾರದು ಎಂಬುದು ಯೋಜನೆ. ಚೆಸ್ಟರ್‌ನಿಂದ ಹೊರಟು ಕಾನ್ವಿ, ಬೊಮ್ಯಾರಿಸ್, ಕೆರ್ನಾರ್ವನ್, ಹಾರ್ಲೆಖ್ ಮುಗಿಸಿ ಶ್ರೂಸ್‌ಬರಿಯಲ್ಲಿ ಹೊರಬೀಳುವುದು. ದಿನದ ಲೆಕ್ಕ ನಿಲ್ಲುವುದು ಸ್ಟೇಷನ್ ಎಲ್ಲಿದೆ ಎಂಬುದರ ಮೇಲೆ. ಕೋಟೆಯ ಗಾತ್ರ ಆಮೇಲಿನ ಮಾತು.

ಕಾನ್ವಿ (ಮುಗಿದಿದೆ)

ಸ್ಟೇಷನ್ ಪೇಟೆಗೋಡೆಯ ಒಳಗೇ ಇದೆ. ಆದರೆ ಇಲ್ಲಿ ಕೇಳಿದರಷ್ಟೇ ರೈಲು ನಿಲ್ಲುತ್ತದೆ: ಇಳಿಯುವವರು ಗಾರ್ಡಿಗೆ ಮೊದಲೇ ಹೇಳಬೇಕು, ಹತ್ತುವವರು ಚಾಲಕನಿಗೆ ಕಾಣುವಂತೆ ಕೈ ತೋರಿಸಬೇಕು. ಪ್ಲಾಟ್‌ಫಾರ್ಮ್ ಗಿಡ್ಡ, ಎಲ್ಲ ಬಾಗಿಲೂ ತೆರೆಯುವುದಿಲ್ಲ. ಯಾವ ಬೋಗಿ ಎಂದು ಅದೇ ಗಾರ್ಡನ್ನು ಕೇಳಿಕೊಳ್ಳಿ. ಇಲ್ಲಿ ನಿಲ್ಲದ ರೈಲು ಸಿಕ್ಕಿದರೆ ಲ್ಯಾಂಡಡ್ನೊ ಜಂಕ್ಷನ್‌ನಲ್ಲಿ ಇಳಿದು ಸೇತುವೆ ದಾಟಿ ನಡೆಯಬಹುದು, ಇಪ್ಪತ್ತು–ಇಪ್ಪತ್ತೈದು ನಿಮಿಷ. ನಿಜ ಹೇಳಬೇಕೆಂದರೆ ಅದೇ ಒಳ್ಳೆಯ ಪ್ರವೇಶ: ಕೋಟೆಯ ಎಂಟು ಬುರುಜೂ ಒಟ್ಟಿಗೆ ಎದುರಾಗುತ್ತವೆ, ಪಕ್ಕದಲ್ಲೇ ಎಂಜಿನಿಯರ್ ಟೆಲ್ಫರ್ಡ್‌ನ 1826ರ ತೂಗುಸೇತುವೆ.

ಕೋಟೆ ಮತ್ತು ಪೇಟೆಗೋಡೆ ಒಂದೇ ಕೆಲಸವಾಗಿ 1283ರಲ್ಲಿ ಶುರುವಾದವು. ಗೋಡೆ ಸುಮಾರು 1.3 ಕಿ.ಮೀ., ಬುರುಜು 21, ಹೆಬ್ಬಾಗಿಲು 3. ಗೋಡೆಯ ಮೇಲೆ ನಡೆಯಲು ಟಿಕೆಟ್ ಬೇಡ. ಮೇಲಿನ ಹೆಬ್ಬಾಗಿಲ ಬಳಿ ಹತ್ತಿ ಕೆಳಗೆ ಬಂದರದ ಕಡೆ ಇಳಿಯುತ್ತ ಬನ್ನಿ; ಕೋಟೆ, ಹೊಳೆ, ಹೆಂಚುಮಾಡು ಎಲ್ಲ ಮುಂದೆಯೇ ಇರುತ್ತವೆ, ಏರುವ ಶ್ರಮ ತಪ್ಪುತ್ತದೆ. ಪೂರ್ತಿ ಸುತ್ತು ಮೇಲಿಂದಲೇ ಆಗುವುದಿಲ್ಲ, ನಡುವೆ ಇಳಿಯಲೇಬೇಕು. ಗಾಳಿ ಜೋರಾದರೆ ಮುಚ್ಚುತ್ತಾರೆ. ಗಿರಣಿ ಬಾಗಿಲ ಬಳಿ ಗೋಡೆಯಿಂದ ಹೊರಚಾಚಿದ ಹನ್ನೆರಡು ಕಲ್ಲಿನ ಗೂಡುಗಳು ಕಾವಲಿಗಲ್ಲ, ಶೌಚಕ್ಕೆ.

ಕೋಟೆಗೆ ಬಾಗಿಲು ತೆರೆದ ಕೂಡಲೇ ಹೋಗಿ. ಸುರುಳಿ ಮೆಟ್ಟಿಲಲ್ಲಿ ಇಬ್ಬರಿಗೆ ಜಾಗವಿಲ್ಲ. ಬೆನ್ನಿಗೆ ದೊಡ್ಡ ಚೀಲವಿದ್ದರೆ ಒಬ್ಬರಿಗೂ ಕಷ್ಟ. ಮಳೆ ಬಿದ್ದ ದಿನ ಸವೆದ ಮೆಟ್ಟಿಲು ಜಾರುತ್ತದೆ.

ಬೊಮ್ಯಾರಿಸ್ (ಮುಗಿದಿದೆ)

ಬ್ಯಾಂಗರ್‌ನಿಂದ ಬಸ್ಸು. ಊರು ಆಂಗ್ಲ್‌ಸೀ ದ್ವೀಪದಲ್ಲಿದೆ; ಅಲ್ಲಿಗೆ ದಾಟಿಸುವ ಮೆನಾಯ್ ಸೇತುವೆಯ ಮೇಲೆ ದುರಸ್ತಿಯೋ ತೂಕದ ಮಿತಿಯೋ ಇದ್ದರೆ ಬ್ರಿಟಾನಿಯಾ ಸೇತುವೆ ಬಳಸಿ ಹೋಗಬೇಕಾಗಿ ತಡವಾಗುತ್ತದೆ. ವೆಲ್ಷ್ ನಾಯಕ ಮಡೋಗನ ದಂಗೆಯ ಬೆನ್ನಿಗೇ 1295ರಲ್ಲಿ ಶುರುವಾದ ಕೋಟೆ. ಹಣ ಸ್ಕಾಟ್ಲೆಂಡಿನ ಯುದ್ಧಕ್ಕೆ ಹರಿದು ಬುರುಜುಗಳು ಅರ್ಧಕ್ಕೇ ನಿಂತವು. ಒಂದರೊಳಗೊಂದು ಸುತ್ತು, ಹೊರಗೆ ನೀರು ತುಂಬಿದ ಕಂದಕ: ಚಿತ್ರದುರ್ಗದ ಏಳು ಸುತ್ತು ಬಂಡೆ ಹೇಳಿದಂತೆ ಬಳುಕಿದರೆ, ಇದು ಸಮತಟ್ಟು ಜೌಗಿನಲ್ಲಿ ಅಳತೆಪಟ್ಟಿ ಹಿಡಿದು ಎಳೆದ ಗೆರೆ. ಅರ್ಧ ದಿನ ಸಾಕು.

ಕೆರ್ನಾರ್ವನ್ (ಮುಗಿದಿದೆ)

ಮುಖ್ಯ ರೈಲುಮಾರ್ಗ 1970ರಲ್ಲೇ ಹೋಯಿತು, ಹಾಗಾಗಿ ಬ್ಯಾಂಗರ್‌ನಿಂದ ಬಸ್ಸು. ಇಂಗ್ಲಿಷ್ ವಲಸಿಗರನ್ನು ಕೂರಿಸಲು ಕಟ್ಟಿದ ಗೋಡೆಯೊಳಗಿನ ಊರಿದು. ಇಂದು ಇಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿ ವೆಲ್ಷ್ ಮಾತಾಡುತ್ತಾರೆ, ಅಂಗಡಿಯಲ್ಲಿ ಮೊದಲು ಕಿವಿಗೆ ಬೀಳುವುದೂ ಅದೇ. ಶನಿವಾರ ಕೋಟೆಯ ಮುಂದಿನ ಮೈದಾನದಲ್ಲಿ ಸಂತೆ. ಬೇರೆ ದಿನ ಹೋಗುವುದಕ್ಕೂ ಶನಿವಾರ ಹೋಗುವುದಕ್ಕೂ ಬಹಳ ವ್ಯತ್ಯಾಸವಿದೆ. ಕೋಟೆಯ ಹೆಬ್ಬಾಗಿಲಾದ ಕಿಂಗ್ಸ್ ಗೇಟ್‌ನಲ್ಲಿ 2023ರಿಂದ ಲಿಫ್ಟ್ ಇದೆ, ಮಂಡಿ ನೋವಿನವರೂ ಮೇಲೇರಬಹುದು.

ಸಸ್ಯಾಹಾರಿಗಳಿಗೆ: ವೆಲ್ಷ್ ರೇರ್‌ಬಿಟ್ ಎಂದರೆ ಬ್ರೆಡ್ ಮೇಲೆ ಕರಗಿಸಿದ ಚೀಸ್, ಆದರೆ ಅದಕ್ಕೆ ಹಾಕುವ ವೂಸ್ಟರ್‌ಶರ್ ಸಾಸ್‌ನಲ್ಲಿ ಸಾಮಾನ್ಯವಾಗಿ ಮೀನಿರುತ್ತದೆ. ಕೇಳಿಯೇ ತಿನ್ನಿ. ಗ್ಲಮೋರ್ಗನ್ ಸಾಸೇಜ್‌ನಲ್ಲಿ ಮಾಂಸವಿಲ್ಲ. ಚೀಸ್, ಲೀಕ್ (ಈರುಳ್ಳಿ ಜಾತಿಯ ತರಕಾರಿ), ಬ್ರೆಡ್ ಪುಡಿ. ಮೊಟ್ಟೆ ತಿನ್ನದವರು ಅದನ್ನೂ ವಿಚಾರಿಸಿ.

ಹಾರ್ಲೆಖ್ (ಮುಗಿದಿದೆ)

ಇಡೀ ದಾರಿಯಲ್ಲಿ ಎಡವಟ್ಟಾಗುವ ಜಾಗ ಇಲ್ಲಿಗೆ ಬರುವ ಮೊದಲಿನ ರೈಲು ಬದಲಾವಣೆ. ಕೆರ್ನಾರ್ವನ್‌ನಿಂದ ಪೋರ್ತ್‌ಮಾಡೋಗ್‌ಗೆ 40 ಕಿ.ಮೀ. ವೆಲ್ಷ್ ಹೈಲ್ಯಾಂಡ್ ಕಿರು ರೈಲು, ಎರಡು ಗಂಟೆಗೂ ಮಿಕ್ಕ ಪಯಣ, ವರ್ಷವಿಡೀ ದಿನವೂ ಓಡುವುದಿಲ್ಲ. ಅದು ಬಂದು ನಿಲ್ಲುವುದು ಬಂದರು ಸ್ಟೇಷನ್ನಿನಲ್ಲಿ. ಹಾರ್ಲೆಖ್‌ಗೆ ಹೋಗುವ ದೊಡ್ಡ ರೈಲು ಹೈಸ್ಟ್ರೀಟಿನ ಇನ್ನೊಂದು ತುದಿಯಲ್ಲಿ. ನಡೆಯಲು ಕಾಲು ಗಂಟೆ ಇಡಿ. ಕರಾವಳಿ ರೈಲು ಹೆಚ್ಚುಕಡಿಮೆ ಎರಡು ಗಂಟೆಗೊಂದು. ತಪ್ಪಿದರೆ ಕೋಟೆಯ ಸಮಯವೇ ಹೋಯಿತು. ಹಾಗಾಗಿ ಮೊದಲು ಕಿರು ರೈಲಿನ ವೇಳಾಪಟ್ಟಿ ನೋಡಿ, ಉಳಿದ ದಿನಗಳನ್ನು ಅದಕ್ಕೆ ಹೊಂದಿಸಿ.

ಹಾರ್ಲೆಖ್ ಸ್ಟೇಷನ್ ಬಂಡೆಯ ಬುಡದಲ್ಲಿ, ಪೇಟೆ ನೆತ್ತಿಯಲ್ಲಿ. ನಡುವಿನ ಫೋರ್ದ್ ಪೆನ್ ಲೆಖ್ ಬೀದಿಗೆ 2019ರಲ್ಲಿ ಜಗತ್ತಿನ ಅತಿ ಕಡಿದಾದ ಬೀದಿಯೆಂಬ ಗಿನ್ನೆಸ್ ದಾಖಲೆ ಸಿಕ್ಕಿತ್ತು. ಅಳೆಯುವ ರೀತಿಯ ಮೇಲೆ ತಕರಾರೆದ್ದು 2020ರಲ್ಲಿ ಅದು ನ್ಯೂಜಿಲೆಂಡಿನ ಬೀದಿಗೆ ಮರಳಿತು. ಚಕ್ರದ ಸೂಟ್‌ಕೇಸಿಗೆ ಈ ತಕರಾರಿನಿಂದ ಏನೂ ಲಾಭವಿಲ್ಲ, ಟ್ಯಾಕ್ಸಿ ಹಿಡಿಯಿರಿ.

ಪೋವಿಸ್ (ಬಾಕಿ)

ಈ ಕೋಟೆ ದೊರೆ ಎಡ್ವರ್ಡ್‌ನದಲ್ಲ, ವೆಲ್ಷ್ ಅರಸರದು. ಶ್ರೂಸ್‌ಬರಿಯ ದಾರಿಯಲ್ಲೇ ವೆಲ್ಷ್‌ಪೂಲ್ ಸಿಗುತ್ತದೆ. ಹಾರ್ಲೆಖ್‌ನಿಂದ ಕೆಲವು ರೈಲಿಗೆ ಮಹಾಂತ್ಲೆತ್‌ನಲ್ಲಿ ಬದಲಿಸಬೇಕು. ಸ್ಟೇಷನ್ನಿನಿಂದ ಪೇಟೆ ಹಾದು ಎರಡು ಕಿ.ಮೀ.ಗೂ ಹೆಚ್ಚು ನಡಿಗೆ. ಪಟ್ಟಿಗೆ ಸೇರಿಸಲು ಕಾರಣ ಶ್ರೀರಂಗಪಟ್ಟಣ: 1799ರಲ್ಲಿ ಮದರಾಸಿನ ಗವರ್ನರ್ ಆಗಿದ್ದ ಎಡ್ವರ್ಡ್ ಕ್ಲೈವ್‌ನ ಮನೆತನದ ಸಂಗ್ರಹದಲ್ಲಿ ಟಿಪ್ಪುವಿನ ಹೂಬಳ್ಳಿಯ ಡೇರೆ, ಸಿಂಹಾಸನದ ಹುಲಿತಲೆಯೊಂದು ಇಲ್ಲಿವೆ. ಮೇಲಿನ ನಾಲ್ಕೂ ಕೋಟೆಗೆ ನಡೆಯುವ ಕ್ಯಾಡೂ (ವೇಲ್ಸ್ ಸರ್ಕಾರದ ಸ್ಮಾರಕ ಸಂರಕ್ಷಣಾ ಸಂಸ್ಥೆ) ಪಾಸ್ ಇಲ್ಲಿ ನಡೆಯುವುದಿಲ್ಲ, ಇದು ನ್ಯಾಷನಲ್ ಟ್ರಸ್ಟ್ ಎಂಬ ಬೇರೆ ಸಂಸ್ಥೆಯದು. ತೋಟದ ಸಮಯ, ಒಳಕೋಣೆಗಳ ಸಮಯ ಬೇರೆ ಬೇರೆ ಇರಬಹುದು. ಸಂಗ್ರಹದ ಕೋಣೆ ತೆರೆದಿದೆಯೇ ಎಂದು ಮೊದಲೇ ಕೇಳಿ ಟಿಕೆಟ್ ಮಾಡಿಸಬೇಕು.