ಅ'ಅಲಿ'ಇ ಕಾಯಿಯಿಂದ ಬಣ್ಣ: ಇಲ್ಲಿಯವರೆಗೆ ಆಗಿದ್ದು

ಈ ಸಲ ಗಿಡದ ತುಂಬಾ ಕಾಯಿ! ಹೊನೊಲುಲುವಿನ ನಮ್ಮ ಹಿತ್ತಲಲ್ಲಿ ಬೀಜ ಹಾಕಿ ಬೆಳೆಸಿದ ಅ'ಅಲಿ'ಇ ಎದೆಮಟ್ಟಕ್ಕೆ ಬಂದಿದೆ. ಬಣ್ಣ ತೆಗೆಯುವ ಕೆಲಸ ಕೊನೆಗೂ ಶುರುವಾಯಿತು.

ಹೊಸದಾಗಿ ಓದುವವರಿಗೆ ಎರಡು ಮಾತು. ಇದು ಹವಾಯಿಯ ಮೂಲ ಪೊದೆಗಿಡ, ಸಸ್ಯಶಾಸ್ತ್ರದಲ್ಲಿ ಡೊಡೊನಿಯಾ ವಿಸ್ಕೋಸಾ. ನಮ್ಮ ಚಿತ್ರದುರ್ಗ, ತುಮಕೂರು ಕಡೆ ಒಣ ಗುಡ್ಡಗಳ ಮೇಲೆ 'ಬಂದರೆ' ಅನ್ನುವ ಗಿಡ ಇರುತ್ತದಲ್ವಾ, ಬೇಲಿಗೆ, ಸೌದೆಗೆ ಕಡಿಯುವುದು, ಉಳುಕಿದರೆ ಸೊಪ್ಪು ಬಿಸಿ ಮಾಡಿ ಕಟ್ಟುವುದು, ಅದೂ ಇದೇ ಜಾತಿ. ಅಂಟುವಾಳದ ಕುಟುಂಬ.

ಮೊಳಕೆ ಬರಿಸೋದು ಹೇಗೆ ಅಂತ ಕೇಳಿದ್ದಿರಿ. ಬೀಜ ಸಣ್ಣದು, ಕಪ್ಪು, ಸಿಪ್ಪೆ ಎಷ್ಟು ಗಟ್ಟಿ ಅಂದರೆ ನೀರು ಒಳಗೆ ಇಳಿಯೋದೇ ಇಲ್ಲ. ಕುದಿಸಿ ಇಳಿಸಿದ ನೀರು ಸುರಿದು ಮಾರನೇ ದಿನದವರೆಗೆ ಹಾಗೇ ಬಿಟ್ಟು, ಉಬ್ಬಿದ ಬೀಜವನ್ನಷ್ಟೇ ಬಿತ್ತಿದೆ. ಕಾಡಿನಲ್ಲಿ ಬೆಂಕಿಯ ಕಾವೇ ಈ ಕೆಲಸ ಮಾಡುತ್ತದೆ. ಸುಟ್ಟ ಜಾಗದಲ್ಲಿ ಮೊದಮೊದಲು ಚಿಗುರುವ ಗಿಡಗಳಲ್ಲಿ ಇದೂ ಒಂದು. ಕುಂಡಕ್ಕೆ ಲಾವಾ ಸಿಂಡರ್ (ಜ್ವಾಲಾಮುಖಿಯ ಹಗುರ ಕಲ್ಲಿನ ಚೂರು) ಜಾಸ್ತಿ, ಮಣ್ಣು ಕಮ್ಮಿ. ನೀರು ನಿಲ್ಲಬಾರದು, ಅಷ್ಟೇ. ಒಂದೇ ಗಿಡ ನೆಟ್ಟು ಕಾಯಿಗೆ ಕಾಯಬೇಡಿ. ಸಾಮಾನ್ಯವಾಗಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ, ಹೂವಿಗೆ ದಳವೇ ಇಲ್ಲ, ಪರಾಗ ಗಾಳಿಯಲ್ಲೇ ಹಾರಿಕೊಂಡು ಹೋಗಬೇಕು.

ಕಾಯಿ ನೋಡೋಕೆ ಬಹಳ ಚೆಂದ. ಕಾಗದದಷ್ಟು ತೆಳ್ಳಗಿನ ಎರಡು ಮೂರು ರೆಕ್ಕೆ. ಬೆಳಕಿಗೆ ಹಿಡಿದರೆ ನರನರ ಕಾಣುತ್ತದೆ. ನನ್ನ ಗಿಡದಲ್ಲಿ ರೆಕ್ಕೆಯ ಅಂಚು ಕಡುಗೆಂಪು, ನಡುವೆ ಹಸಿರು ಉಳಿದಿದೆ. ಬೇರೆ ಗಿಡಗಳಲ್ಲಿ ಹಳದಿ, ಗುಲಾಬಿ, ಕಂದು ಕೂಡ ಇರುತ್ತದೆ. ಹವಾಯಿಯ ಜನ ಈ ಗೊಂಚಲನ್ನು ಎಲೆ ಸಮೇತ ಕಟ್ಟಿ ತಲೆಗೆ ಮುಡಿಯುವ ಲೇ, ಅಂದರೆ ಹಾರ, ಮಾಡುತ್ತಾರೆ. ಒಣಗಿದ ಮೇಲೂ ಆಕಾರ ಕೆಡುವುದಿಲ್ಲ, ಅದಕ್ಕೇ ಇದಕ್ಕೆ ಅಷ್ಟು ಬೇಡಿಕೆ. ಹೂಲಾ ನೃತ್ಯದ ದೇವತೆ ಲಾಕಾಗೂ ಇದು ಪ್ರಿಯವಾದ ಗಿಡ. ಮರ ಗಟ್ಟಿ, ತೂಕ ಜಾಸ್ತಿ. ಮನೆಯ ಕಂಬ, ಈಟಿ, ನೆಲ ಅಗೆಯುವ ಕೋಲು, ಎಲ್ಲಕ್ಕೂ ಬಳಸುತ್ತಿದ್ದರು. ಮೈಮೇಲೆ ಗುಳ್ಳೆ ಎದ್ದರೆ ಎಲೆಯ ಔಷಧಿ.

ಇನ್ನು ಬಣ್ಣ. ವೌಕೆ ಗಿಡದ ತೊಗಟೆ ಬಡಿದು ಮಾಡುವ ಕಾಪಾ ಬಟ್ಟೆಗೆ ಹಿಂದೆ ಈ ಕಾಯಿ ಕುದಿಸಿ ಕೆಂಪು ಬಣ್ಣ ಹಾಕುತ್ತಿದ್ದರು. ನನ್ನ ಹತ್ತಿರ ಕಾಪಾ ಇಲ್ಲ, ಹತ್ತಿ ಬಟ್ಟೆ ಇದೆ. ಹತ್ತಿಗೆ ಬಣ್ಣ ಸುಲಭವಾಗಿ ಹತ್ತುವುದಿಲ್ಲ. ಅದಕ್ಕೆ ನಮ್ಮ ಕಡೆಯ ಬಣ್ಣಗಾರರ ದಾರಿ ಹಿಡಿದೆ: ಮೊದಲು ಅಳಲೆಕಾಯಿ ಪುಡಿಯ ನೀರಲ್ಲಿ ನೆನೆಸಿ ಒಣಗಿಸಿದ್ದು, ಆಮೇಲೆ ಪಟಿಕದ ನೀರು, ಕೊನೆಗೆ ಕಾಯಿ ಕುದಿಸಿ ಸೋಸಿದ ರಸದಲ್ಲಿ ಸಣ್ಣ ಉರಿಯ ಮೇಲೆ ಇಟ್ಟು, ಆರುವವರೆಗೂ ಅದರಲ್ಲೇ ಬಿಟ್ಟಿದ್ದು. ಕಂದು ಬೆರೆತ ಕೆಂಪು ಬಂದಿದೆ. ತೊಳೆದ ಮೇಲೂ ನಿಂತಿದೆ! ಒಂದು ತುಂಡನ್ನು ಕಿಟಕಿಗೆ ಕಟ್ಟಿದ್ದೇನೆ, ಬಿಸಿಲಿಗೆ ಎಷ್ಟು ಮಾಸುತ್ತದೆ ನೋಡಬೇಕು.

ಕಾಡಿನ ಗಿಡದ ಕಾಯಿ ಮುಟ್ಟಿಲ್ಲ, ಮುಟ್ಟೋದೂ ಇಲ್ಲ. ಅದು ಅಲ್ಲೇ ಉದುರಿ ಬೀಜವಾಗಲಿ. "ಊರಿಂದ ಬಂದರೆ ಗಿಡದ ಬೀಜ ತರಿಸು, ಒಂದೇ ಜಾತಿ ತಾನೆ" ಅಂತ ಗೆಳೆಯರೊಬ್ಬರು ಹೇಳಿದರು. ಬೇಡವೇ ಬೇಡ. ಹೊರಗಿಂದ ಬಂದ ಗಿಡ, ಕೀಟ, ರೋಗಗಳಿಂದ ಈ ದ್ವೀಪಗಳು ಈಗಾಗಲೇ ಬಹಳ ಕಳೆದುಕೊಂಡಿವೆ, ಜೊತೆಗೆ ಇಲ್ಲಿನ ಗಿಡ ಇಲ್ಲಿನ ಗಾಳಿ ಮಣ್ಣಿಗೆ ಒಗ್ಗಿಕೊಂಡು ಬಂದದ್ದು. ಹವಾಯಿಯ ಅತಿ ದೊಡ್ಡ ದ್ವೀಪದ ದಕ್ಷಿಣದ ಕಾಊ ಸೀಮೆಯವರು ತಮ್ಮನ್ನೇ ಈ ಗಿಡ ಅಂತ ಹೇಳಿಕೊಳ್ಳುತ್ತಾರೆ: "ಗಾಳಿಗೆ ಎದುರು ನಿಲ್ಲುವ ಅ'ಅಲಿ'ಇ ನಾನು, ನನ್ನನ್ನು ಕೆಡವುವ ಗಾಳಿ ಇಲ್ಲ." ಹೋದ ಚಳಿಗಾಲದ ಬಿರುಗಾಳಿಗೆ ಹಿತ್ತಲಿನ ಪಪ್ಪಾಯಿ ಮುರಿದು ಬಿತ್ತು, ಇದರ ರೆಂಬೆಗಳು ಅಲುಗಾಡಿದವೇ ಹೊರತು ಒಂದೂ ಮುರಿಯಲಿಲ್ಲ.

ಮುಂದಿನ ಕೆಲಸ, ಹಳದಿ ಕಾಯಿಯನ್ನು ಬೇರೆಯಾಗಿ ಕುದಿಸಿ ನೋಡೋದು. ಚಿತ್ರದುರ್ಗದ ಕಡೆ ಇರುವವರು ನಿಮ್ಮ ಹೊಲದ ಬೇಲಿಯ ಬಂದರೆ ಗಿಡದ ಕಾಯಿಯಲ್ಲೂ ಇದೇ ರೀತಿ ಮಾಡಿ, ಯಾವ ಬಣ್ಣ ಬಂತು ಅಂತ ಬರೆಯಿರಿ. ಪಟಿಕ ಹಾಕಿದ್ದು, ಹಾಕದ್ದು, ಎರಡೂ ತುಂಡಿನ ಫೋಟೊ ಕಳಿಸಿ.