ಡೀಲಿಯಾ, ಪಕ್ಕದ ಮನೆ ಅಜ್ಜಿ ಮತ್ತು ನನ್ನ ಜಾಮೂನು

2008ರ ಮಾರ್ಚ್. ನಾವಾಗ ಇಂಗ್ಲೆಂಡಿನ ನಾರ್ವಿಚ್‌ನಲ್ಲಿದ್ದೆವು. ಬರೆಯುವುದು ಹಾಗೆ, ಅಲ್ಲಿಯವರ ಬಾಯಲ್ಲಿ ಅದು ನಾರಿಚ್. ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಹೆಂಗಸೊಬ್ಬರಿದ್ದರು. ಹೆಸರು ಹಿಡಿದೇ ಕರಿ ಅನ್ನುತ್ತಿದ್ದರು, ನನಗೆ ನಾಲಿಗೆ ಹೊರಳುತ್ತಿರಲಿಲ್ಲ. ಮನಸ್ಸಿನಲ್ಲಿ ಅವರು ಅಜ್ಜಿ.

ಒಂದು ದಿನ ಬೇಲಿಯಾಚೆಯಿಂದ ಕೂಗಿದರು. "ರಾತ್ರಿ ಬಾ, ಡೀಲಿಯಾ ವಾಪಸ್ ಬರ್ತಿದ್ದಾಳೆ." ಹೆರಿಗೆಗೆ ಮಗಳು ಬರುತ್ತಿದ್ದಾಳೇನೋ ಅನ್ನುವಷ್ಟು ಸಡಗರ!

ಡೀಲಿಯಾ ಸ್ಮಿತ್ ಅಲ್ಲಿ ಮನೆಮಾತು. ಎಪ್ಪತ್ತರ ದಶಕದಿಂದ ಬಿಬಿಸಿಯಲ್ಲಿ ಅಡುಗೆ ಕಲಿಸಿದವರು. 1998ರಲ್ಲಿ ಮೊಟ್ಟೆ ಬೇಯಿಸುವುದನ್ನೂ ಟಿವಿಯಲ್ಲಿ ಹೇಳಿಕೊಟ್ಟರು. ಅದನ್ನೂ ಕಲಿಸಬೇಕಾ ಅಂತ ನಕ್ಕವರೂ ಇದ್ದರಂತೆ. 2001ರಲ್ಲಿ ಅವರ ಹೆಸರು ಕಾಲಿನ್ಸ್ ನಿಘಂಟಿಗೇ ಸೇರಿತು. ನಾರ್ವಿಚ್‌ನವರಿಗಂತೂ ಮನೆಯ ಹುಡುಗಿ ಇದ್ದ ಹಾಗೆ, ಊರಿನ ಫುಟ್‌ಬಾಲ್ ತಂಡದಲ್ಲಿ ಆಗ ಹೆಚ್ಚಿನ ಪಾಲು ಡೀಲಿಯಾ ಮತ್ತು ಅವರ ಗಂಡನದಾಗಿತ್ತು. 2005ರಲ್ಲಿ ಒಂದು ಪಂದ್ಯದ ವಿರಾಮದಲ್ಲಿ ಮೈಕ್ ಹಿಡಿದು ಮೈದಾನಕ್ಕಿಳಿದು, ಇನ್ನೂ ಜೋರಾಗಿ ಕೂಗಿ ಅಂತ ತಮ್ಮ ಅಭಿಮಾನಿಗಳನ್ನೇ ಗದರಿದ್ದರು. ಆ ಕಥೆಯನ್ನು ಅಜ್ಜಿ ನನಗೆ ನಾಲ್ಕು ಸಲವಾದರೂ ಹೇಳಿದ್ದರು. ತಂಡದ ಹಳದಿ-ಹಸಿರು ಮಫ್ಲರ್ ಸುತ್ತಿಕೊಂಡೇ. (ನಮ್ಮ ಕನ್ನಡ ಬಾವುಟದ ಅರ್ಧ ಬಣ್ಣ ಅಲ್ವಾ ಅಂತ ನನಗೊಂದು ಖುಷಿ.)

ಇಂಥ ಡೀಲಿಯಾ ಟಿವಿ ಅಡುಗೆ ಸಾಕು ಅಂತ ದೂರವಾಗಿದ್ದವರು, ಈಗ ಮತ್ತೆ ಬಂದಿದ್ದರು. ಬಂದು ಮಾಡಿದ್ದೇನು? ಅಡುಗೆಯಲ್ಲಿ ಕಳ್ಳದಾರಿ ಹಿಡಿಯುವುದು ಹೇಗೆ ಅಂತ ಹೇಳಿಕೊಟ್ಟರು! ಬೇಯಿಸಿ ಹಿಸುಕಿ ಫ್ರೀಜ್ ಮಾಡಿದ ಆಲೂಗಡ್ಡೆ, ಡಬ್ಬಿಯ ಕುರಿ ಕೈಮಾ, ತುರಿದೇ ಬರುವ ಚೀಸ್.

ಅಜ್ಜಿಯ ಟೀ ಆರಿತು. "ಇವಳ ಪುಸ್ತಕ ನೋಡಿಕೊಂಡು ನಾನು ಮದುವೆ ಕೇಕ್ ಮಾಡಿದೆ. ಈಗ ಇವಳು ಡಬ್ಬಿ ತೆಗೀತಿದ್ದಾಳೆ" ಅಂದರು. ನಾನೂ ತಲೆಯಾಡಿಸಿದೆ. ಆಲೂಗಡ್ಡೆ ಬೇಯಿಸೋಕೂ ಸೋಮಾರಿತನವಾ ಅಂತ ಒಂದು ಮಾತು ಸೇರಿಸಿದೆ. ಆಗ ಅಜ್ಜಿ ನನ್ನ ಕೈ ಹಿಡಿದು ಹೇಳಿದರು. "ನಿನಗೆ ಅರ್ಥ ಆಗುತ್ತೆ. ದೀಪಾವಳಿಗೆ ಆ ಸಿಹಿ ಉಂಡೆ ಮಾಡೋಕೆ ಇಡೀ ಮಧ್ಯಾಹ್ನ ಕೂತಿದ್ದೆ ಅಲ್ವಾ?"

ಗಂಟಲು ಕಟ್ಟಿತು. ಅದು ಎಂ.ಟಿ.ಆರ್. ಜಾಮೂನು ಮಿಕ್ಸ್. ಹಿಟ್ಟು ಕಲಸಿ, ಉಂಡೆ ಕಟ್ಟಿ, ಕರಿದು, ಪಾಕಕ್ಕೆ ಹಾಕುವವರೆಗೆ ಮುಕ್ಕಾಲು ಗಂಟೆ ಹಿಡಿದಿರಬಹುದು. ಅವರು ಅಷ್ಟು ಹೊಗಳಿದಾಗ, "ಮಧ್ಯಾಹ್ನ ಪೂರ್ತಿ ಇದೇ ಆಯ್ತು" ಅಂತ ಸುಮ್ನೆ ಬಾಯಿಗೆ ಬಂದಿತ್ತು. ಅವತ್ತು ಏನೂ ಹೇಳದೆ ಮನೆಗೆ ಬಂದೆ. ಅಡುಗೆಮನೆ ಕಪಾಟು ತೆಗೆದರೆ ಪುಳಿಯೋಗರೆ ಪುಡಿ, ರವೆ ಇಡ್ಲಿ ಮಿಕ್ಸ್, ಅಮ್ಮ ಕಳಿಸಿದ ಸಾರಿನ ಪುಡಿ. ಅಮ್ಮನ ಪುಡಿಯನ್ನು ಲೆಕ್ಕಕ್ಕೆ ಹಿಡಿಯಬಾರದು ಅಂತ ನನಗೆ ನಾನೇ ತೀರ್ಪು ಕೊಟ್ಟುಕೊಂಡೆ.

ಆ ಶನಿವಾರ ಡೀಲಿಯಾ ಆಲೂಗಡ್ಡೆ ತಂದು ಮಸಾಲೆ ದೋಸೆಗೆ ಪಲ್ಯ ಮಾಡಿದೆ. ಸಾಸಿವೆ ಸಿಡಿಸಿ, ಹಸಿಮೆಣಸಿನಕಾಯಿ, ಈರುಳ್ಳಿ ಬಾಡಿಸಿ, ಅರಿಶಿನದ ಮೇಲೆ ಆ ಬಿಲ್ಲೆಗಳನ್ನು ಸುರಿದೆ. ಕರಗಿ ಅಂಟಾಯಿತು. ಅದರಲ್ಲಿ ಹಾಲು, ಬೆಣ್ಣೆ ಮೊದಲೇ ಸೇರಿರುತ್ತೆ ಅಂತ ಪೊಟ್ಟಣ ಓದಿದ ಮೇಲೆ ಗೊತ್ತಾಯಿತು. ನಮ್ಮವರು ಒಂದು ತುತ್ತು ತಿಂದು, "ಇದು ಪಲ್ಯವೋ ಪಾಯಸವೋ?" ಅಂದರು.

ಅಜ್ಜಿ ಮಾತ್ರ ಎರಡು ದೋಸೆ ತಿಂದರು. ಆಲೂಗಡ್ಡೆ ಯಾವುದು ಅಂತ ಹೇಳಿದೆ, ನಕ್ಕರು. ಅದೇ ಧೈರ್ಯದಲ್ಲಿ ಜಾಮೂನು ಪೊಟ್ಟಣವನ್ನೂ ತಂದು ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಹಿಂಬದಿಯನ್ನು ಪೂರ್ತಿ ಓದಿದರು. ನಾನು ಬೈಗುಳಕ್ಕೆ ಕಾಯುತ್ತಿದ್ದೆ.

"ಪಾಕಕ್ಕೆ ಸಕ್ಕರೆ ಎಷ್ಟು ಅಂತ ಇಲ್ಲಿ ಹಾಕಿದ್ದಾರಲ್ಲ, ನೀನು ಅಷ್ಟೇ ಹಾಕಿದ್ಯಾ?" ಅಂದರು. "ನನಗೆ ಸ್ವಲ್ಪ ಜಾಸ್ತಿ ಆಗಿತ್ತು."